ಮಧ್ಯಾಹ್ನದ ಪಾಲು

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಆಮೇಲೆ ಕೂತೆ. ಬೇರೆ ಊರಿನವರಿಗೆ ಇದು ಸೋಮಾರಿಯ ಮಾತಿನಂತೆ ಕೇಳಿಸಬಹುದು, ಆದರೆ ನಮ್ಮಲ್ಲಿ ಕೂರುವುದು ಒಂದು ಕೆಲಸ. ವಿಮಾನ ಹೋಗುವ ಹೊತ್ತಿಗೆ ಪ್ರತಿ ಮನೆಯೊಳಗೂ ಒಬ್ಬರಾದರೂ ಇರಬೇಕು. ಇದ್ದರೆ ಆ ಮನೆಯ ಪಾಲಿನ ಸದ್ದು ಆ ಮನೆಯಲ್ಲೇ ಬಿದ್ದು ಮುಗಿಯುತ್ತದೆ. ಇಲ್ಲದಿದ್ದರೆ ಅದು ಇಳಿಜಾರಿನ ಕಡೆಯ ಪಕ್ಕದ ಮನೆಗೆ ಹೋಗಿ, ಅವರ ಪಾಲಿನ ಜೊತೆ ಸೇರಿ ಬೀಳುತ್ತದೆ. ಅಲ್ಲೂ ಜನರಿಲ್ಲದಿದ್ದರೆ ಅದರ ಮುಂದಿನದಕ್ಕೆ, ಜನ ಸಿಗುವ ತನಕ. ಬೀದಿಯಲ್ಲಿ ಮಾತ್ರ ಏನೂ ಕೇಳಿಸುವುದಿಲ್ಲ. ನಾಯಿಗಳು ಮಲಗಿದಲ್ಲಿಂದ ಕಿವಿ ಕೂಡ ಎತ್ತುವುದಿಲ್ಲ.

ನಮ್ಮ ಮನೆಗೆ ಮೊದಲು ತಾತ ಕೂರುತ್ತಿದ್ದರು. ತಾತ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅಮ್ಮ ಮತ್ತು ನಾನು. ಅಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಮನೆ ನಡೆಸುವವಳು, ಅವಳು ಕೂತರೆ ಒಲೆ ಉರಿಯುವುದಿಲ್ಲ. ಹಾಗಾಗಿ ನನ್ನನ್ನು ಶಾಲೆ ಬಿಡಿಸಿದರು. ಶಾಲೆಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಹಾಜರಿ ಕೂಗುವಾಗ ನನ್ನ 'ಬಂದಿದೀನಿ ಸಾರ್' ಗಂಟಲು ದಾಟುವಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಒಂದು ವರ್ಷವಂತೂ ದಿನವೂ ಶಾಲೆಗೆ ಹೋಗಿಯೇ ಹಾಜರಿ ಸಾಲದವಳಾಗಿದ್ದೆ. ಕೂರುವುದಕ್ಕೆ ಈ ದೇವೀರಿಯಂಥವಳು ಹುಡುಕಿದರೂ ಸಿಗುವುದಿಲ್ಲ ಎಂದು ಬೀದಿಯವರೆಲ್ಲ ಹೇಳಿದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡು ಒಳಗೊಳಗೇ ಹಿಗ್ಗಿದೆ.

ಯಾರು ಕೂತರೆ ಕೂತಂತೆ ಎಂಬುದು ನಮ್ಮಲ್ಲಿ ಎಂದೂ ಮುಗಿಯದ ಜಗಳ. ನಿದ್ದೆ ಮಾಡುತ್ತಿರುವವರಾದರೂ ನಡೆಯುತ್ತದೆ. ಹಸು ನಡೆಯುವುದಿಲ್ಲ. ಮಾತಾಡುವ ಗಿಣಿಯನ್ನು ಒಬ್ಬರು ಇಟ್ಟು ನೋಡಿದರು, ಅದೂ ನಡೆಯಲಿಲ್ಲ, ಪಕ್ಕದ ಮನೆಯವರು ಗಿಣಿಯನ್ನು ಬಿಟ್ಟು ಗಿಣಿಯ ಯಜಮಾನರನ್ನು ಬೈದರು. ನಮ್ಮ ಬೀದಿಯಲ್ಲಿ ಕಳ್ಳತನವೇ ಇಲ್ಲ, ಏಕೆಂದರೆ ಖಾಲಿ ಮನೆಯೇ ಇಲ್ಲ. ಒಮ್ಮೆ ಮಾತ್ರ, ಮದುವೆಗೆ ಹೋದವರ ಮನೆಗೆ ಹಾಡಹಗಲೇ ಒಬ್ಬ ಕಳ್ಳ ನುಗ್ಗಿದ್ದ. ಆ ಮನೆಯ ಪಾಲು ತಮಗೆ ಬೀಳುತ್ತದೆಂದು ಹೆದರಿ ಹಲ್ಲು ಕಚ್ಚಿ ಕೂತಿದ್ದ ಪಕ್ಕದವರು, ಅದು ಬೀಳದೆ ಹೋದಾಗ ಎದ್ದು ಹೋಗಿ ನೋಡಿ, ಸಂಜೆ ವಿಮಾನದವರೆಗೂ ಇದ್ದುಬಿಡಪ್ಪ ಎಂದು ಅವನಿಗೆ ಕಾಫಿ ಕೊಟ್ಟರಂತೆ.

ವಿಮಾನ ನಿಲ್ದಾಣದವರ ಮೇಲೆ ಮನೆ ಮಾಲೀಕರ ಸಂಘ ವರ್ಷಾನುವರ್ಷ ದೂರು ಕೊಟ್ಟಿದೆ. ಒಮ್ಮೆ ಒಬ್ಬ ಅಧಿಕಾರಿ ಸದ್ದು ಅಳೆಯುವ ಯಂತ್ರ ಹಿಡಿದುಕೊಂಡು ಬಂದು ಬೀದಿಯ ನಡುವೆ ನಿಂತರು. ವಿಮಾನ ಹೋಯಿತು, ಮುಳ್ಳು ಅಲ್ಲಾಡಲಿಲ್ಲ. ಒಳಗೆ ಬನ್ನಿ ಸ್ವಾಮಿ, ಯಾರ ಮನೆಗಾದರೂ ಬನ್ನಿ ಎಂದು ಎಲ್ಲರೂ ಕೈಮುಗಿದರು. ಖಾಸಗಿ ಮನೆಗಳಿಗೆ ಹೋಗಲು ತಮಗೆ ಅನುಮತಿ ಇಲ್ಲ ಎಂದು ಅವರು ಹೇಳಿ, ಮಜ್ಜಿಗೆ ಕುಡಿದು ಹೋದರು. ಅಂದಿನಿಂದ ಸಂಘಕ್ಕೆ ನಿಲ್ದಾಣದ ಜೊತೆ ಜಗಳವಾಡುವ ಉತ್ಸಾಹ ಇಳಿದು, ಒಬ್ಬರ ಜೊತೆ ಒಬ್ಬರು ಆಡುವ ಉತ್ಸಾಹ ಏರಿತು.

ಕೂರುವ ಕೆಲಸದ ಕಷ್ಟವಿರುವುದು ಸದ್ದಿನಲ್ಲಲ್ಲ, ಕಾಯುವುದರಲ್ಲಿ. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು ಎಂದು ಹೆಸರಿಗೆ ಮೂರೇ ವಿಮಾನ. ಆದರೆ ಹೇಳಿದ ಹೊತ್ತಿಗೆ ಬರುವುದು ಅವುಗಳ ಜಾತಿಯಲ್ಲೇ ಇಲ್ಲ. ಹೀಗೆ ಕಾಯುತ್ತಾ ನಾನು ರವಿಕೆಗೆ ಹುಕ್ಕು ಹಾಕುವುದು, ಸೀರೆಗೆ ಕುಚ್ಚು ಕಟ್ಟುವುದು, ಅಂಚು ಮಡಿಸಿ ಹೊಲಿಯುವುದು ಎಲ್ಲ ಕಲಿತೆ. ಬಸ್ ನಿಲ್ದಾಣದ ಹತ್ತಿರ ಟೈಲರ್ ಅಂಗಡಿ ಇಟ್ಟಿರುವ ಮುಮ್ತಾಜಕ್ಕ ಕೆಲಸ ಕಳಿಸುತ್ತಿದ್ದರು, ಅಮ್ಮ ತಂದು ಕೊಟ್ಟು ಮಾಡುತ್ತಿದ್ದಳು. ಒಂದು ದಿನ ಮುಮ್ತಾಜಕ್ಕ ಅಮ್ಮನ ಕೈಯಲ್ಲಿ ಹೇಳಿ ಕಳಿಸಿದರು: ನಿಮ್ಮ ಹುಡುಗಿಯ ಕೈ ಚೆನ್ನಾಗಿದೆ, ಅಂಗಡಿಗೇ ಬರಲಿ, ಮೆಷಿನ್ ಮೇಲೆ ಕೂರಿಸಿ ಕಟಿಂಗ್ ಕಲಿಸುತ್ತೇನೆ. ಹಬ್ಬದ ಬಟ್ಟೆ ಬರುವ ಮೊದಲು ಬರಬೇಕು, ಆಮೇಲೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮೆಷಿನ್ ಮುಂದೆ ಕೂತು ಗಿರಾಕಿಗಳಿಗೆ, ಬುಧವಾರ ಬನ್ನಿ, ಈಗ ಆಗಲ್ಲ ಎಂದು ದರ್ಪದಿಂದ ಹೇಳುತ್ತಿರುವಂತೆ ಕಂಡಿತು. ನಿಜವಾದ ಗಿರಾಕಿ ಎದುರು ನಿಂತರೆ ನಾನು ಮೆಷಿನ್ ಕೆಳಗೆ ಅಡಗಿಕೊಳ್ಳುತ್ತೇನೆಂದು ನನಗೆ ಗೊತ್ತಿತ್ತು, ಆದರೂ ಕಂಡಿತು.

ನನ್ನ ಬದಲಿಗೆ ಮನೆಯಲ್ಲಿ ಕೂರಲು ಒಬ್ಬರು ಬೇಕಿತ್ತು. ಬೀದಿಯ ಮೇಲ್ತುದಿಯ ಹೊನ್ನಜ್ಜಿಯ ಮನೆಯಲ್ಲಿ ಸೊಸೆ ಕೂರುತ್ತಿದ್ದರಿಂದ ಹೊನ್ನಜ್ಜಿ ಹೆಚ್ಚುವರಿ ಜನ. ನಮ್ಮ ಬೀದಿಯಲ್ಲಿ ಹೆಚ್ಚುವರಿ ಜನಕ್ಕೆ ಇರುವ ಬೆಲೆ ಹೆಚ್ಚುವರಿ ಜಮೀನಿಗೂ ಇಲ್ಲ. ಎರಡು ಹೊತ್ತಿನ ಕಾಫಿ, ಎಲೆ ಅಡಿಕೆ ಎಂದು ಅಮ್ಮ ಮಾತು ಮುಗಿಸಿಕೊಂಡು ಬಂದಳು. ನಾನು ಕತ್ತರಿಗೆ ಸಾಣೆ ಹಿಡಿಸಿಕೊಂಡೆ.

ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ತಿಪ್ಪೇಶಪ್ಪನವರು ವಿಮಾನ ಹೋಗದ ಕಡೆ ಹೊಸ ಮನೆ ಕಟ್ಟಿಸಿ, ಹಳೆಯದಕ್ಕೆ ಬೀಗ ಹಾಕಿಕೊಂಡು ಹೊರಟುಹೋದರು. ನಮ್ಮ ಬೀದಿಯಲ್ಲಿ ಬೀಗ ಎಂಬ ವಸ್ತುವನ್ನು ಮಕ್ಕಳು ಮೊದಲು ಕಂಡದ್ದು ಆವತ್ತೇ. ಅವರದು ಮೇಲಿನ ಮನೆ, ನಮ್ಮದು ಕೆಳಗಿನದು. ಅವರ ಪಾಲು ನೇರ ನಮ್ಮ ಮನೆಗೆ ಬಂತು.

ಒಂದು ಪಾಲು ಸದ್ದು ಎಂದರೆ ಯಾರೋ ತಲೆಯ ಮೇಲೆ ಅಕ್ಕಿ ಮೂಟೆ ಇಟ್ಟು ತೆಗೆದ ಹಾಗೆ. ಎರಡು ಪಾಲು ಎಂದರೆ ಮೂಟೆ ಇಟ್ಟವನು ಅದರ ಮೇಲೆ ತಾನೂ ಹತ್ತಿ ಕೂತ ಹಾಗೆ. ಹೊನ್ನಜ್ಜಿ ಒಂದು ಮಧ್ಯಾಹ್ನ ಬಂದು ಕೂತು ನೋಡಿದಳು. ಎದ್ದಾಗ ಬಾಯಲ್ಲಿದ್ದ ಎಲೆ ಅಡಿಕೆ ಎಲ್ಲಿ ಹೋಯಿತೆಂದು ಅವಳಿಗೇ ಗೊತ್ತಿರಲಿಲ್ಲ. "ಒಂದು ಪಾಲಾದ್ರೆ ಕೂರ್ತೀನಿ ಕಣವ್ವ. ಎರಡು ಹೊರೋಕೆ ನಾನೇನು ಕತ್ತೆನಾ?" ಎಂದು ಅಮ್ಮನಿಗೆ ಹೇಳಿ ಹೋದಳು. ದಿನವೂ ಎರಡು ಹೊರುತ್ತಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ.

ನಾಚಿಕೆಯ ವಿಷಯವೆಂದರೆ ನಾನು ಚೆನ್ನಾಗಿಯೇ ಹೊರುತ್ತಿದ್ದೆ. ಎರಡು ಪಾಲು ಬಿದ್ದರೂ ನನ್ನ ಸೂಜಿ ದಾರ ತಪ್ಪುತ್ತಿರಲಿಲ್ಲ. ಸುದ್ದಿ ಹಬ್ಬಿ, ಕೆಳಗಿನ ಬೀದಿಯ ಹೆಂಗಸರು ಕಿಟಕಿಯಾಚೆ ನಿಂತು ನನ್ನನ್ನು ನೋಡಿ ಹೋಗುತ್ತಿದ್ದರು. ಹುಟ್ಟಿದಾಗಿನಿಂದ ಯಾರೂ ಎರಡನೆಯ ಸಲ ತಿರುಗಿ ನೋಡದಿದ್ದ ನಾನು ವಿಮಾನ ಬರುವ ಮೊದಲು ಜಡೆ ಸರಿಮಾಡಿಕೊಳ್ಳತೊಡಗಿದೆ. ನನ್ನನ್ನು ಕಟ್ಟಿಹಾಕುತ್ತಿದ್ದದ್ದು ಇದೇ ಜಾಣತನ ಎಂದು ಹೊಳೆಯಲು ಕೆಲವು ದಿನ ಹಿಡಿಯಿತು. ಹೊಳೆದಾಗ ಹಬ್ಬ ಹತ್ತಿರ ಬಂದಿತ್ತು.

ಅಮ್ಮ ಸಂಘಕ್ಕೆ ದೂರು ಕೊಟ್ಟಳು. ಸಂಘದ ಅಧ್ಯಕ್ಷ ಓಂಕಾರಯ್ಯನವರ ಮನೆ ನಮಗಿಂತ ಕೆಳಗೆ. ನಡುವೆ ಇರುವುದು ಸಂಘದ ಭವನ ಮಾತ್ರ, ಅದು ವಿಮಾನದ ಹೊತ್ತಿನಲ್ಲಿ ಯಾವಾಗಲೂ ಖಾಲಿ. ಎಂದರೆ ನಾನು ಎದ್ದರೆ ತಿಪ್ಪೇಶಪ್ಪನವರ ಪಾಲು, ನಮ್ಮ ಪಾಲು ಎರಡೂ ಹೋಗಿ ಬೀಳುವುದು ಅಧ್ಯಕ್ಷರ ಹೆಂಡತಿಯ ಮೇಲೆ. ನ್ಯಾಯ ಯಾವ ಕಡೆಗೆ ಇಳಿಜಾರು ಎಂದು ನಮಗೆ ಗೊತ್ತಿತ್ತು. ಆದರೂ ಭಾನುವಾರ ಬೆಳಿಗ್ಗೆ ಸಭೆ ಕರೆದರು. ಮಧ್ಯಾಹ್ನದ ವಿಮಾನ ಬರುವುದರೊಳಗೆ ಮುಗಿಸೋಣ, ಹುಡುಗಿಯನ್ನೂ ಕರೆತನ್ನಿ ಎಂದರು. ಆ ಹೊತ್ತಿಗೆ ನಮ್ಮ ಮನೆಯಲ್ಲಿರಲು ಅಮ್ಮ ಹೊನ್ನಜ್ಜಿಯನ್ನು ಕಾಡಿ ಬೇಡಿ ಒಪ್ಪಿಸಿದಳು.

ಭವನ ತುಂಬಿತ್ತು. ಗೋಡೆಯ ಮೇಲೆ ದೊಡ್ಡದೊಂದು ಗಡಿಯಾರ ಹತ್ತು ಮುಕ್ಕಾಲು ತೋರಿಸುತ್ತಿತ್ತು. ನನ್ನನ್ನು ಮುಂದಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂರಿಸಿದರು. ನಾನು ನನ್ನ ಕಾಲ್ಬೆರಳುಗಳನ್ನು ನೋಡುತ್ತಾ ಕೂತೆ. ಇಡೀ ಸಭೆಯಲ್ಲಿ ನನಗೆ ಪರಿಚಯದವರೆಂದರೆ ಅವೇ.

ಮೊದಲು ತಿಪ್ಪೇಶಪ್ಪನವರು ಮಾತಾಡಿದರು. ಬಿಳಿ ಪಂಚೆ, ಹೊಸ ಊರಿನ ಚಪ್ಪಲಿ. ತಮ್ಮ ಮನೆ ತಮ್ಮದು, ಅದಕ್ಕೆ ಬೀಗ ಹಾಕುವ ಹಕ್ಕು ತಮ್ಮದು ಎಂದರು. ಸದ್ದನ್ನು ತಾವೇನು ಬುಟ್ಟಿಯಲ್ಲಿ ತುಂಬಿ ಪಕ್ಕದ ಮನೆಗೆ ಸುರಿದಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ ದನಿ ಮೆತ್ತಗೆ ಮಾಡಿಕೊಂಡರು.

"ಈ ಮಗು ಒಂದು ದಿನಾನಾದ್ರೂ ನಂಗೆ ಕಷ್ಟ ಆಗ್ತದೆ ಅಂತ ಹೇಳಿದ್ದುಂಟಾ? ಅವಳ ಬಾಯಿಂದಲೇ ಕೇಳಿ. ಆಗಲ್ಲ ಅಂದ್ರೆ ಈಗಲೇ ಬೀಗ ತೆಗೀತೀನಿ."

ಅಧ್ಯಕ್ಷರು, ಹೇಳಮ್ಮ ಎಂದರು. ಹೇಳಬೇಕಾದ್ದು ಎರಡೇ ಮಾತು: ನನಗೆ ಆಗಲ್ಲ. ಹಿಂದಿನ ದಿನವೆಲ್ಲ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ. ಕನ್ನಡಿಯಲ್ಲಿದ್ದವಳು ಚೆನ್ನಾಗಿ ಹೇಳಿದ್ದಳು. ಈಗ ಬಾಯಿ ತೆರೆದೆ, ಗಾಳಿ ಒಳಗೆ ಹೋಯಿತು, ಹೊರಗೆ ಏನೂ ಬರಲಿಲ್ಲ. ಮುಚ್ಚಿದೆ. ಇನ್ನೊಮ್ಮೆ ತೆರೆದೆ. ಕೆರೆಯಿಂದ ತೆಗೆದ ಮೀನು ಕೂಡ ಇಷ್ಟು ಹೊತ್ತಿಗೆ ಏನಾದರೂ ಹೇಳುತ್ತಿತ್ತು.

"ನೋಡಿದ್ರಾ," ಎಂದು ತಿಪ್ಪೇಶಪ್ಪನವರು ಕೂತರು.

ಅಮ್ಮ ಎದ್ದಳು. ಅಮ್ಮ ಎದ್ದರೆ ಹಾಸ್ಟೆಲಿನ ವಾರ್ಡನ್ನೇ ಕೂರುತ್ತಾರೆ. ತಿಪ್ಪೇಶಪ್ಪನವರ ಬೀಗದಿಂದ ಶುರುಮಾಡಿ, ಅವರ ಹೆಂಡತಿ ನಮ್ಮಿಂದ ಕಡ ಒಯ್ದ ಒರಳುಕಲ್ಲು, ಅವರ ಅಪ್ಪ ತಾತನಿಗೆ ಆಡಿದ ಮಾತು ಎಂದು ಹಿಂದಕ್ಕೆ ಹೋಗತೊಡಗಿದಳು. ಜನ ಸಿನಿಮಾ ನೋಡುವಂತೆ ಬಾಯಿ ಬಿಟ್ಟು ನೋಡುತ್ತಿದ್ದರು. ನಾನು ಆ ಜನವನ್ನು ನೋಡುತ್ತಿದ್ದೆ. ಮಾತು ಬಾರದವರಿಗೆ ಉಳಿಯುವ ಕೆಲಸ ಅದೊಂದೇ.

ಹಾಗೆ ನೋಡುತ್ತಾ ನನ್ನ ಕಣ್ಣು ಬಾಗಿಲ ಹತ್ತಿರ ಹೋಯಿತು. ಅಲ್ಲಿ ಹೊನ್ನಜ್ಜಿ ನಿಂತಿದ್ದಳು. ನಮ್ಮ ಮನೆಯಲ್ಲಿ ಇರಬೇಕಾದವಳು ಅವಳು. ಅವಳ ಪಕ್ಕದಲ್ಲಿ ಅವಳ ಸೊಸೆ. ಸೊಸೆಯ ಹಿಂದೆ ಮೂಲೆ ಮನೆಯ ಬಾಣಂತಿ, ಮಗುವಿನ ಸಮೇತ. ವರ್ಷಗಟ್ಟಲೆ ಹೊಸಿಲು ದಾಟದ ಪಾರ್ಶ್ವವಾಯುವಿನ ಮುದುಕರನ್ನು ಕೂಡ ಕುರ್ಚಿಯ ಸಮೇತ ಎತ್ತಿ ತಂದಿದ್ದರು. ಪ್ರತಿಯೊಬ್ಬರೂ, ಹೊತ್ತಿಗೆ ಸರಿಯಾಗಿ ಎದ್ದು ಹೋದರಾಯಿತು ಎಂದುಕೊಂಡು ಬಂದಿದ್ದರು. ಪ್ರತಿಯೊಬ್ಬರೂ ಆಗಾಗ ಗಡಿಯಾರ ನೋಡಿ ನೆಮ್ಮದಿಯಾಗಿ ಅಮ್ಮನ ಕಡೆ ತಿರುಗುತ್ತಿದ್ದರು. ಗಡಿಯಾರದಲ್ಲಿ ಇನ್ನೂ ಹತ್ತು ಮುಕ್ಕಾಲು. ಖಾಲಿ ಭವನದ ಗಡಿಯಾರಕ್ಕೆ ಯಾರು ಕೀಲಿ ಕೊಡುತ್ತಾರೆ?

ಕಿಟಕಿ ಸರಳಿನ ನೆರಳು ನನ್ನ ಹೆಬ್ಬೆರಳಿಗೆ ಬಂದಿತ್ತು. ಮನೆಯಲ್ಲಿ ನೆರಳು ಹೆಬ್ಬೆರಳಿಗೆ ಬಂದರೆ ನಾನು ಬಟ್ಟೆ ಮಡಚಿಟ್ಟು, ನೀರು ಕುಡಿದು, ಗೋಡೆಗೆ ಒರಗಿ ಕೂರುವ ಹೊತ್ತು.

ಇಡೀ ಮೇಲಿನ ಬೀದಿ ಖಾಲಿ. ಎಲ್ಲರ ಪಾಲೂ ಮನೆಯಿಂದ ಮನೆಗೆ ಇಳಿದು ಈ ಭವನಕ್ಕೆ ಬರುತ್ತದೆ. ಅದನ್ನು ತಿಳಿದವಳು ನಾನೊಬ್ಬಳು, ಹಾಜರಿಯನ್ನೂ ಹೇಳಲಾಗದವಳು. ಪಕ್ಕದಲ್ಲಿದ್ದ ಹೆಂಗಸಿನ ಕಿವಿಯಲ್ಲಿ ಪಿಸುಗುಟ್ಟಿದೆ. ಅವರು, ತಡಿಯೇ, ನಿಮ್ಮಮ್ಮ ಒರಳಿಗೆ ಬಂದಿದಾಳೆ ಎಂದರು. ಅಮ್ಮನ ಸೆರಗು ಎಳೆದೆ. ಅಮ್ಮ ನೊಣ ಓಡಿಸುವಂತೆ ನನ್ನ ಕೈ ತಳ್ಳಿದಳು. ಕೊನೆಗೆ ಶಾಲೆಯಲ್ಲಿ ಎಂದೂ ಎತ್ತದ ಕೈಯನ್ನು ಎತ್ತಿದೆ. ಅಧ್ಯಕ್ಷರು ನೋಡಿದರು.

"ಕೈ ಇಳಿಸಮ್ಮ. ನಿನ್ನ ಪರವಾಗಿ ನಿಮ್ಮಮ್ಮ ಮಾತಾಡ್ತಾ ಇದಾರಲ್ಲ. ಕೂತ್ಕೋ."

ಆ ಮಾತು ಕೇಳಿ ನಾನು ಎದ್ದೆ. ಹಟದಿಂದಲ್ಲ. 'ಕೂತ್ಕೋ' ಎಂದರೆ ಮನೆಗೆ ಹೋಗಬೇಕು ಎಂದೇ ನನ್ನ ಕಾಲಿಗೆ ಅರ್ಥವಾಗುವುದು. ತಲೆ ತಗ್ಗಿಸಿಕೊಂಡು, ಗೋಡೆ ಸವರಿಕೊಂಡು ಹೊರಗೆ ಬಂದೆ. ಪಾಪ ಹುಡುಗಿಗೆ ನಾಚಿಕೆ ಎಂದು ಯಾರೋ ನಕ್ಕದ್ದು ಕೇಳಿಸಿತು.

ಬೀದಿ ಬಿಸಿಲಲ್ಲಿ ಮಲಗಿತ್ತು. ನಮ್ಮ ಮನೆಗೆ ಓಡಿ, ಬಾಗಿಲು ತಳ್ಳಿ, ಒಂದು ಕಾಲನ್ನು ಹೊಸಿಲಿನೊಳಗೆ ಇಟ್ಟೆ. ಅಲ್ಲಿ ತಲೆ ಓಡಿತು. ನಾನು ಒಳಗೆ ಕೂತರೆ ಮೇಲಿನ ಬೀದಿಯ ಪಾಲೆಲ್ಲ ನನ್ನ ಮೇಲೆ ಬಿದ್ದು ನಿಲ್ಲುತ್ತದೆ. ಭವನದಲ್ಲಿ ತನ್ನದೊಂದು ಪಾಲಿನ ಹೊರತು ಏನೂ ಬೀಳುವುದಿಲ್ಲ. ನಾನು ಸತ್ತರೆ ಸರಿ. ಬದುಕಿ ಉಳಿದರೆ, ನೋಡಿ, ಈ ಹುಡುಗಿ ಇಡೀ ಬೀದಿಯನ್ನೇ ಹೊರುತ್ತಾಳೆ, ಇನ್ನು ನಾವೆಲ್ಲ ಯಾಕೆ ಕೂರಬೇಕು ಎನ್ನುತ್ತಾರೆ. ಆಮೇಲೆ ಮುಮ್ತಾಜಕ್ಕನ ಅಂಗಡಿ ಕನಸಿನಲ್ಲೂ ಬರುವುದಿಲ್ಲ. ಆದರೆ ಭವನದಲ್ಲಿ ಅಮ್ಮ ಇದ್ದಳು. ಅಮ್ಮನ ನೆನಪಾಗಿ ಇನ್ನೊಂದು ಕಾಲನ್ನೂ ಎತ್ತಿದೆ. ಅಷ್ಟರಲ್ಲಿ ಭವನದ ಕಿಟಕಿಯಿಂದ ಅವಳ ದನಿ ಬಂತು: "ನನ್ನ ಮಗಳು ಮೂಗಿ ಅಂತ ತಿಳ್ಕೊಂಡ್ರಾ?" ಅಮ್ಮ ತಡೆಯುತ್ತಾಳೆ ಎನ್ನಿಸಿತು. ಸದ್ದಿಗೂ ಅವಳಿಗೂ ಜಗಳ ಬಿದ್ದರೆ ನಾನು ಅವಳ ಕಡೆಗೇ ಪಂದ್ಯ ಕಟ್ಟುತ್ತೇನೆ.

ಹೊಸಿಲೊಳಗೆ ಇಟ್ಟಿದ್ದ ಕಾಲನ್ನು ಹೊರಗೆ ತೆಗೆದೆ. ಜನ ತಮ್ಮ ಜೀವನದ ದೊಡ್ಡ ನಿರ್ಧಾರ ಎಂದು ಏನೇನೋ ಹೇಳುತ್ತಾರೆ. ನನ್ನದು ಇಷ್ಟೇ, ಒಂದು ಕಾಲಿನದು.

ಬೀದಿಯ ನಡುವೆ ನಿಂತು ತಲೆ ಎತ್ತಿದೆ. ವಿಮಾನ ಬಂತು. ನಾನು ವಿಮಾನವನ್ನು ನೋಡಿದ್ದು ಅದೇ ಮೊದಲು. ಅದು ಹೋಗುವಾಗಲೆಲ್ಲ ನಾನು ಶಾಲೆಯದೋ ಮನೆಯದೋ ಸೂರಿನ ಕೆಳಗೆ ಇರುತ್ತಿದ್ದೆ. ಅಮ್ಮನಂತೆ ಹೊರಗೆ ದುಡಿಯುವವರಿಗೆ ಅದು ದಿನವೂ ಕಾಣುತ್ತದೆ, ಅವರು ನೋಡುವುದಿಲ್ಲ. ಬಿಳಿಯ ಹೊಟ್ಟೆ, ಕೊಕ್ಕರೆ ನೀರಿಗೆ ಇಳಿಯುವಾಗ ಕಾಲು ಚಾಚಿದಂತೆ ಕೆಳಗೆ ಪುಟ್ಟ ಚಕ್ರಗಳು. ಒಂದು ಚೂರೂ ಸದ್ದಿಲ್ಲ. ಅದರ ನೆರಳು ನನ್ನ ಮೇಲೆ ಹಾದು, ತಿಪ್ಪೇಶಪ್ಪನವರ ಬೀಗ ಹತ್ತಿ ಇಳಿದು ಹೋಯಿತು. ಇಷ್ಟು ವರ್ಷ ಇದರ ಕೈಯಲ್ಲಿ ಏಟು ತಿಂದದ್ದಾ ಎನ್ನಿಸಿತು. ಸಿಟ್ಟು ಬರಬೇಕಿತ್ತು. ಬಂದದ್ದು, ಅಯ್ಯೋ ಎಷ್ಟು ಚೆನ್ನಾಗಿದೆ ಎಂಬ ಮಾತು.

ಭವನದಿಂದಲೂ ಸದ್ದು ಬರಲಿಲ್ಲ, ಬೀದಿಗೆ ಬರುವುದು ಅದರ ಪದ್ಧತಿಯಲ್ಲ. ಆದರೆ ಇಡೀ ಭವನ ಒಮ್ಮೆ ಬಸ್ಕಿ ಹೊಡೆದು ಎದ್ದಂತೆ ಕಂಡಿತು. ಹೆಂಚಿನ ಸಂದಿಯಿಂದ ಧೂಳೆದ್ದಿತು. ಆಮೇಲೆ ಜನ ಒಬ್ಬೊಬ್ಬರಾಗಿ, ತಲೆ ತಮ್ಮದೇ ಹೌದೋ ಎಂದು ಮುಟ್ಟಿ ನೋಡಿಕೊಳ್ಳುತ್ತಾ ಬಂದರು. ಅಧ್ಯಕ್ಷರ ಕೈಯಲ್ಲಿ ಅವರ ಹಲ್ಲಿನ ಸೆಟ್ಟಿತ್ತು. ಕುರ್ಚಿಯ ಮೇಲೆ ಬಂದಿದ್ದ ಮುದುಕರು ನಗುತ್ತಿದ್ದರು, ಬಾಣಂತಿಯ ಮಗು ನಿದ್ದೆ ಮಾಡುತ್ತಿತ್ತು. ತಿಪ್ಪೇಶಪ್ಪನವರು ಒಂದೇ ಚಪ್ಪಲಿಯಲ್ಲಿ ಬಂದು, ಯಾರ ಮುಖವನ್ನೂ ನೋಡದೆ, ಬೀಗ ತೆಗೆದು, ಒಳಗೆ ಹೋಗಿ ಕೂತರು. ಆಗ ವಿಮಾನವೇ ಇರಲಿಲ್ಲ. ಸಂಜೆಯದು ಬರುವ ತನಕ ಅವರು ಏಳಲೇ ಇಲ್ಲ ಎಂದು ಆಮೇಲೆ ತಿಳಿಯಿತು.

ಅಮ್ಮ ಕೊನೆಗೆ ಬಂದಳು. ಕೂದಲು ಕೆದರಿತ್ತು. "ನಾನಿನ್ನೂ ಮುಗಿಸಿರಲಿಲ್ಲ," ಎಂದು ಇಡೀ ಊರಿಗೆ ಕೇಳುವ ಹಾಗೆ ಹೇಳಿದಳು. ಕೆಲವು ದಿನ ಅವಳು ಪಿಸುಮಾತನ್ನೂ ಹಾಗೆಯೇ ಆಡಿದಳು.

ನಾನು ಬೀದಿಯನ್ನೆಲ್ಲ ಒಬ್ಬಳೇ ಹೊರಲು ಮನೆಗೆ ಓಡಿದೆ, ಪಾಪ, ಹೊತ್ತಿಗೆ ಮುಟ್ಟಲಾಗಲಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಅಲ್ಲ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ನನ್ನ ಬಾಯಿಯ ವಿಷಯ ಆಗಲೇ ಹೇಳಿದ್ದೇನೆ. ಸಂಘದ ನಿರ್ಣಯ ಒಂದೇ: ಭವನದ ಗಡಿಯಾರಕ್ಕೆ ತಪ್ಪದೆ ಕೀಲಿ ಕೊಡತಕ್ಕದ್ದು. ಬೀಗದ ಬಗ್ಗೆ ನಿರ್ಣಯವೇ ಬೇಕಾಗಲಿಲ್ಲ. ತಿಪ್ಪೇಶಪ್ಪನವರು ಹೆಂಡತಿಯ ತಮ್ಮನನ್ನು ಕರೆತಂದು ಮನೆಯಲ್ಲಿ ಇಟ್ಟರು. ಅವನಿಗೆ ಹಗಲೂ ರಾತ್ರಿ ನಿದ್ದೆ, ಕೂರುವುದಕ್ಕೆ ಅವನಂಥವನಿಲ್ಲ.

ಹೊನ್ನಜ್ಜಿ ನಮ್ಮ ಮನೆಗೆ ಬಂದಳು, ಒಂದು ಪಾಲಿಗೆ. ನಾನು ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಡುವಾಗ ಅವಳು ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ಆವತ್ತು ನೀನು ಬೀದೀಲಿ ನಿಂತಿದ್ದೆ. ಭವನದ ಬಾಗಿಲಿಂದ ಕಂಡೆ. ನೋಡ್ದಾ ಅದನ್ನ?"

ನಾನು ತಲೆಯಾಡಿಸಿದೆ.

"ಹೆಂಗದೆ?"

ಬಿಳಿ ಹೊಟ್ಟೆ, ಕೊಕ್ಕರೆ ಕಾಲು, ಸದ್ದೇ ಇಲ್ಲ ಎಂದೆ. ಅಷ್ಟು ಉದ್ದದ ಮಾತನ್ನು ನಾನು ಹೊರಗಿನವರ ಜೊತೆ ಆಡಿದ್ದು ಅದೇ ಮೊದಲು. ಅವಳು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಸೊಸೆ ಬರುವ ತನಕ ಕೂತವಳು ಅವಳು. ಆಮೇಲೂ ಹೊತ್ತಾಗುತ್ತಲೇ ತಾನಾಗಿ ಒಳಗೆ ಹೋಗುವ ಅಭ್ಯಾಸ ಹೋಗಿರಲಿಲ್ಲ.

"ಒಂದು ಸಲ ನಾನೂ ನೋಡ್ಬೇಕು ಕಣೆ," ಎಂದಳು.

ಹೀಗಾಗಿ, ಕೂರುವುದರಿಂದ ಬಿಡುಗಡೆಯಾಗಿ ಅಂಗಡಿಗೆ ಹೋದ ಮೊದಲ ದಿನವೇ ನಾನು ಮಧ್ಯಾಹ್ನ ರಜೆ ಕೇಳಿ ಮನೆಗೆ ಬಂದು ಕೂತೆ. ಮುಮ್ತಾಜಕ್ಕ ಇದನ್ನು ಕೇಳಿ, ಹಣೆಗೆ ಕೈ ಹಚ್ಚಿಕೊಂಡು, ಬೇಗ ಬಾ ಎಂದಷ್ಟೇ ಹೇಳಿದರು. ಹೊನ್ನಜ್ಜಿ ಒಳ್ಳೆಯ ಸೀರೆ ಉಟ್ಟು ಬೀದಿಯ ನಡುವೆ ನಿಂತಳು. ನಾನು ಕಿಟಕಿಯ ಪಕ್ಕ ಗೋಡೆಗೆ ಒರಗಿದೆ. ನೆರಳು ಹೆಬ್ಬೆರಳು ದಾಟಿತು. ಮೂಟೆ ತಲೆಯ ಮೇಲೆ ಇಳಿಯಿತು, ನನ್ನದೊಂದೇ, ಹಳೆಯ ಗುರುತಿನದು.

ಕಿಟಕಿಯಿಂದ ನೋಡಿದರೆ ಹೊನ್ನಜ್ಜಿ ಹಣೆಗೆ ಕೈ ಅಡ್ಡ ಹಿಡಿದು, ಬೆಟ್ಟದ ಕಡೆ ನೋಡುತ್ತಾ ನಿಂತಿದ್ದಳು. ವಿಮಾನ ಬರುವುದು ಅವಳ ಬೆನ್ನ ಹಿಂದಿನಿಂದ. ಸದ್ದಿಲ್ಲದ ಬೀದಿಯಲ್ಲಿ ಅವಳಿಗೆ ಹೇಗೆ ತಿಳಿಯಬೇಕು? ಇನ್ನೊಂದು ಗಳಿಗೆಯಲ್ಲಿ ಅದು ದಾಟಿಹೋಗುತ್ತದೆ. ನಾನು ಎದ್ದು ಕಿಟಕಿಯ ಸರಳು ಹಿಡಿದು ಕೂಗಿದೆ.

"ಅಜ್ಜೀ, ಹಿಂದೆ! ಹಿಂದೆ ತಿರುಗು!"

ನನ್ನ ದನಿ ನನಗೆ ಕೇಳಿಸಲಿಲ್ಲ. ನಾನಿದ್ದದ್ದು ಸದ್ದಿನೊಳಗೆ. ಕೇಳಿಸಲಿಲ್ಲವೆಂದು ಮತ್ತೂ ಜೋರಾಗಿ ಕೂಗಿದೆ. ಮಲಗಿದ್ದ ನಾಯಿಗಳು ಎದ್ದು ನಿಂತವು. ಹೊನ್ನಜ್ಜಿ ಗಕ್ಕನೆ ತಿರುಗಿ ತಲೆ ಎತ್ತಿದಳು. ಅವಳ ಸೀರೆಯ ಮೇಲೆ ನೆರಳು ಹಾದುಹೋಯಿತು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ಅದು ಮರೆಯಾಗುವ ತನಕ, ಬಾಯಿ ತುಂಬ ಏನೋ ಹೇಳುತ್ತಲೇ ಇದ್ದಳು.

ಸದ್ದು ಇಳಿದ ಮೇಲೆ ಒಳಗೆ ಬಂದಳು. ಏನಜ್ಜಿ ಹೇಳ್ತಿದ್ದೆ ಎಂದು ಕೇಳಿದೆ.

"ಬೈದೆ," ಎಂದು ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಹಚ್ಚಿದಳು. "ಅದಕ್ಕೆ ಕೇಳಿಸ್ತೋ ಇಲ್ವೋ ಗೊತ್ತಿಲ್ಲ ಕಣವ್ವ. ನಿಂದಂತೂ ಊರಿಗೆಲ್ಲ ಕೇಳಿಸ್ತು."